ಕಾರ್ನ್‌ಹೋಲ್ ಅಂದ್ರೆ ಎಂತದು ಮಾರ್ರೆ?

ಅಮೆರಿಕದಿಂದ ರಜೆಗೆ ಬಂದ ಚಿಕ್ಕಪ್ಪನ ಮಗ ಉಡುಪಿಯಲ್ಲಿ ನಮ್ಮ ಆಚಾರಿ ಹತ್ರ ಪ್ಲೈವುಡ್‌ದು ಎರಡು ಹಲಗೆ ಮಾಡಿಸಿದ್ದಾನೆ, 4 ಅಡಿ ಉದ್ದ 2 ಅಡಿ ಅಗಲ, ಹಿಂದಿನ ಬದಿ 1 ಅಡಿ ಎತ್ತರ, ಮೇಲ್ಗಡೆ 6 ಇಂಚಿನ ಒಂದು ತೂತು. ಎರಡರ ನಡುವೆ 27 ಅಡಿ ಬಿಟ್ಟು ಅಂಗಳದಲ್ಲಿ ಇಟ್ಟು, ಈಚೆಯಿಂದ ಆಚೆಗೆ ಸಣ್ಣ ಚೀಲ ಬಿಸಾಡುದು, ಹಲಗೆ ಮೇಲೆ ಕೂತ್ರೆ 1 ಪಾಯಿಂಟ್, ತೂತಿಗೆ ಬಿದ್ರೆ 3, ಮೊದಲು 21 ಮಾಡಿದವ ಗೆದ್ದ. ಹಲಗೆ ಮುಟ್ಟದೆ ಸೀದಾ ತೂತಿಗೇ ಹೋದ್ರೆ ಅದಕ್ಕೆ ಏರ್‌ಮೇಲ್ ಅಂತ ಹೇಳುದಂತೆ.

ಹೆಸರು ಕೇಳಿ ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ "ಜೋಳದ ತೂತಾ? ಅದೆಂಥ ಹೆಸರು ಮಾರಾಯ" ಅಂತ ನಗಾಡಿದ್ರು.

ಆದ್ರೆ ಅರ್ಥ ಅಷ್ಟೇ! ಮೊದಲು ಚೀಲದೊಳಗೆ ತುಂಬಿಸ್ತಾ ಇದ್ದದ್ದು ಒಣಗಿದ ಮೆಕ್ಕೆಜೋಳ, ದನಕ್ಕೆ ಕೋಳಿಗೆಲ್ಲ ಹಾಕ್ತಾರಲ್ಲ ಅದು, ಅದನ್ನ ತೂತಿಗೆ ಹಾಕುವ ಆಟ. ಓಹಾಯೋದ ಸಿನ್ಸಿನಾಟಿ ಕಡೆ ಇದರ ಹುಚ್ಚು ಜೋರು, ಮತ್ತೆ ಆ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರಗಾಲ ಇಲ್ಲ. ಇಂಟರ್ನೆಟ್‌ನಲ್ಲಿ ಬೇರೆ ಕತೆಯೂ ಓಡ್ತದೆ, 14ನೇ ಶತಮಾನದಲ್ಲಿ ಜರ್ಮನಿಯ ಯಾರೋ ಬಡಗಿ ಮಕ್ಕಳಿಗೋಸ್ಕರ ಈ ಆಟ ಮಾಡಿ ಚೀಲಕ್ಕೆ ಜೋಳ ತುಂಬಿಸಿದ ಅಂತ. ಅಲ್ಲ, ಮೆಕ್ಕೆಜೋಳ ಯುರೋಪಿಗೆ ಹೋದದ್ದೇ 1492ರಲ್ಲಿ ಕೊಲಂಬಸ್ ಅಮೆರಿಕದ ಕಡೆ ದಾಟಿದ ಮೇಲೆ, ಈ ಬಡಗಿಗೆ ಜೋಳ ಕೊಟ್ಟದ್ದು ಯಾರು?

ಕಾಗದದಲ್ಲಿ ಸಿಗುವ ದಾಖಲೆ ಬೇರೆ. 1883ರಲ್ಲಿ ಹೇಲಿಗರ್ ಡಿ ವಿಂಟ್ ಅನ್ನುವವರಿಗೆ ಪಾರ್ಲರ್ ಕ್ವಾಯ್ಟ್ಸ್ ಅಂತ ಒಂದು ಆಟಕ್ಕೆ ಪೇಟೆಂಟ್ ಸಿಕ್ಕಿದೆ, ಹೆಚ್ಚುಕಮ್ಮಿ ಇದೇ ಆಟ, ತೂತು ಮಾತ್ರ ಚೌಕ. ಆಮೇಲೆ ಮ್ಯಾಸಚೂಸೆಟ್ಸ್‌ನ ಆಟಿಕೆ ಕಂಪೆನಿಯೊಂದು ಅದನ್ನ ಫಾಬಾ ಬಾಗಾ ಅಂತ ಮಾರಿತು, ಫಾಬಾ ಅಂದ್ರೆ ಲ್ಯಾಟಿನ್‌ನಲ್ಲಿ ಅವರೆಯಂಥ ಕಾಳು. ಅಂದ್ರೆ ಹೆಸರಲ್ಲಿ ಆಗ ಜೋಳದ ಸುದ್ದಿಯೇ ಇಲ್ಲ. ಶಿಕಾಗೋದವರು ಈಗ್ಲೂ ಬರೀ ಬ್ಯಾಗ್ಸ್ ಅಂತಾರೆ. ಕಾರ್ನ್‌ಹೋಲ್ ಶಬ್ದಕ್ಕೆ ಅಲ್ಲಿ ಒಂದು ಪೋಲಿ ಅರ್ಥವೂ ಉಂಟು, ಅದನ್ನ ದೊಡ್ಡಮ್ಮನಿಗೆ ನಾವು ಹೇಳ್ಲಿಲ್ಲ.

ತಮಾಷೆ ಎಂತ ಅಂದ್ರೆ ಈಗ ಟೂರ್ನಮೆಂಟ್ ಚೀಲದಲ್ಲಿ ಜೋಳವೇ ಇಲ್ಲ, ಪ್ಲಾಸ್ಟಿಕ್ ಕಾಳು. ಜೋಳ ಬಿದ್ದು ಬಿದ್ದು ಪುಡಿಯಾಗ್ತದೆ, ಬಟ್ಟೆಯಿಂದ ಧೂಳು ಉದುರ್ತದೆ, ಒದ್ದೆಯಾದ್ರೆ ತೂಕ ತಪ್ತದೆ, ಇಲಿ ಕಾಟ ಬೇರೆ. ಹೆಸರು ಬದಲಾಯಿಸ್ಬೇಕು ಅಂತ ಯಾರಿಗೂ ಕಾಣ್ಲಿಲ್ಲ, ನಾವೂ ಮಂಜೊಟ್ಟಿ ಬೀಜ ಸಿಗದಿದ್ರೆ ಹುಣಸೆಬೀಜ ಹಾಕಿ ಚೆನ್ನೆಮಣೆ ಆಡುದಿಲ್ವಾ, ಹಾಗೆ.

ನಮ್ಮ ಚೀಲಕ್ಕೆ ಹುರುಳಿ ತುಂಬಿಸಿದ್ದು, ಬೇಸಿಗೆಗೆ ಅಡ್ಡಿ ಇಲ್ಲ. ನೀವು ಹೊಲಿಸುದಾದ್ರೆ 6 ಇಂಚು ಚೌಕ, ದಪ್ಪ ಬಟ್ಟೆ, ತೂಕ ಸುಮಾರು 450 ಗ್ರಾಂ ಬರ್ಲಿ, ಮತ್ತೆ ಮಳೆಗಾಲದಲ್ಲಿ ಆಡುವ ಅಂದಾಜು ಇದ್ರೆ ಕಾಳಿನ ಸುದ್ದಿಗೇ ಹೋಗ್ಬೇಡಿ, ಆಟಿ ತಿಂಗಳು ಬರುವಾಗ ಬೂಷ್ಟು ಹಿಡಿದಿರ್ತದೆ.