ಭೋಗ್ಯದ ಮನೆಯ ಕಾಗದ

12 ಜೂನ್ 2025, ಗುರುವಾರ

ಸಂಜೆ ಮೂಲೆಮನೆ ಅಕ್ಕ ಕರಾರು ಪತ್ರ ಹಿಡಿದು ಬಂದರು. ನಾಗರಬಾವಿ ಕಡೆ ಮನೆ, 12 ಲಕ್ಷಕ್ಕೆ 3 ವರ್ಷ ಭೋಗ್ಯ: ಹಣ ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟನ್ನೂ ವಾಪಸ್ ಪಡೆಯುವುದು. "ನೋಟರಿ ಆಗಿದೆಯಲ್ಲ, ಇನ್ನೇನು ಬೇಕು?"

ಬೇಕು ಅಕ್ಕಾ. 11 ತಿಂಗಳ ಬಾಡಿಗೆ ಕರಾರು ಎಲ್ಲರ ಅಭ್ಯಾಸ ಕೆಡಿಸಿದೆ. ಅದು ವರ್ಷ ದಾಟದ್ದರಿಂದ ನೋಂದಣಿ ಕಡ್ಡಾಯವಲ್ಲ. 3 ವರ್ಷ ಅಂದ ಕೂಡಲೇ 1908ರ ನೋಂದಣಿ ಕಾಯ್ದೆಯ 17ನೇ ಕಲಂ ಎದುರಿಗೆ ಬರುತ್ತದೆ. ಲೀಸ್ ಅನ್ನಿ, ಭೋಗ್ಯದ ಅಡಮಾನ ಅನ್ನಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು. ಶುಲ್ಕ ಉಳಿಸಲು ಇಬ್ಬರೂ ನೋಟರಿಯಲ್ಲೇ ಮುಗಿಸುತ್ತಾರೆ. ಉಳಿತಾಯ ಇಬ್ಬರದು, ಅಪಾಯ ಹಣ ಕೊಟ್ಟವರದು ಮಾತ್ರ.

ಮನೆಯ ಮೇಲೆ ಮೊದಲೇ ಸಾಲವಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಅದರ ಎದುರು ನೋಂದಣಿಯಿಲ್ಲದ ಕಾಗದ ನಿಲ್ಲುವುದು ಕಷ್ಟ. ಅದಕ್ಕೇ ಮೊದಲು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆಸಬೇಕು. ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಣಿಯಾದದ್ದು ಏನೂ ಇಲ್ಲ ಅಂತ. ನೋಂದಣಿಗಳ ಪಟ್ಟಿಯಿರುವ ನಮೂನೆ 15 ಬಂತೆಂದು ಗಾಬರಿ ಬೇಡ, ಮಾಲೀಕರ ಕ್ರಯಪತ್ರವೂ ಅದರಲ್ಲೇ ಇರುತ್ತದೆ. ಬ್ಯಾಂಕಿನ ಹೆಸರು ಕಂಡರೆ, ಆ ಸಾಲ ತೀರಿದ ನಮೂದು ಕೆಳಗೆಲ್ಲಾದರೂ ಇದೆಯೇ ಹುಡುಕಬೇಕು.

ಇಸಿ ಒಂದನ್ನೇ ನಂಬುವಂತೆಯೂ ಇಲ್ಲ. ಮೂಲಪತ್ರ ಒತ್ತೆ ಇಟ್ಟು ತಂದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣುವುದಿಲ್ಲ. ಜೆರಾಕ್ಸ್ ಸಾಲದು, ಮೂಲ ಕ್ರಯಪತ್ರವನ್ನೇ ಕಣ್ಣಾರೆ ನೋಡಬೇಕು. "ಲಾಕರ್‌ನಲ್ಲಿದೆ" ಅಂದರೋ, ಲಾಕರ್ ತೆರೆದ ದಿನವೇ ಹಣ. ಪತ್ರದಲ್ಲಿ ಎಷ್ಟು ಜನರ ಹೆಸರಿದೆಯೋ ಅಷ್ಟೂ ಜನರ ಸಹಿ ಬೇಕು.

"ಬಿಡುವಾಗ ದುಡ್ಡು ಕೊಡದಿದ್ದರೆ?" ಅಂದರು. ಹಳೇ ಭೋಗ್ಯದವರಿಗೆ ಹೊಸ ಭೋಗ್ಯದವರ ಹಣದಿಂದ ತೀರಿಸುವುದೇ ಇಲ್ಲಿ ವಾಡಿಕೆ. ಹೊಸಬರು ಸಿಗದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಣ ಖಾತೆಗೆ ಬೀಳುವತನಕ ಬೀಗದಕೈ ಕೊಡಬಾರದು. ಕೈಯಲ್ಲಿರುವ ಭದ್ರತೆ ಅದೊಂದೇ.

ಕಾಫಿ ಆರಿತ್ತು. ಅಕ್ಕನ ಮುಖವೂ ಸಪ್ಪಗಾಗಿತ್ತು. ಆಗಲೇ 1 ಲಕ್ಷ ಮುಂಗಡ ಹೋಗಿದೆಯಂತೆ.

ರಸೀದಿ ನೋಡಿದರೆ ಮಾಲೀಕರ ಸಹಿಯೇ ಇಲ್ಲ, ಮಧ್ಯವರ್ತಿಯದು. ಭೋಗ್ಯದ ಹಣ ತಾವು ಇಟ್ಟುಕೊಂಡು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುತ್ತಾ, ಒಂದು ದಿನ ನಾಪತ್ತೆಯಾಗುವವರಿದ್ದಾರೆ. ಹಾಗಾದರೆ ನಾಳೆ ಇಸಿಗಿಂತ ಮೊದಲು ಮಾಲೀಕರನ್ನೇ ಹಿಡಿಯಬೇಕು. ಅವರು ಮನೆ ಕೊಟ್ಟಿರುವುದು ಭೋಗ್ಯಕ್ಕೋ, ಬಾಡಿಗೆಗೋ, ಅಥವಾ ಕೊಟ್ಟೇ ಇಲ್ಲವೋ...