ಶುರು ಮಾಡೋದು ಸುಲಭ, ನಿಲ್ಲಿಸೋದೇ ಕಷ್ಟ

ಬೇಸ್ ಗಿಟಾರ್ (ಹಾಡಿಗೆ ಕೆಳಗಿನ ದಪ್ಪ ಸ್ವರ ಕೊಡುವ ಗಿಟಾರ್) ಹಿಡಿದು ಸುಮಾರು ಒಂದು ವರ್ಷ ಆಗಿತ್ತು. ಬೆರಳು ಓಡುತ್ತಿತ್ತು, ಸ್ಕೇಲುಗಳೆಲ್ಲ ಬಾಯಿಪಾಠ ಆಗಿದ್ದವು, ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಬಡಿದು ನುಡಿಸುವುದು) ಕೂಡ ಅಷ್ಟಿಷ್ಟು ಬರುತ್ತಿತ್ತು, ಹಾಗಾಗಿ ನಾನು ಆಗಲೇ ದೊಡ್ಡ ಮನುಷ್ಯ ಅಂದುಕೊಂಡಿದ್ದೆ. ಒಂದು ದಿನ ಪ್ರಾಕ್ಟೀಸ್ ಮುಗಿದ ಮೇಲೆ ನಮ್ಮ ಡ್ರಮ್ಮರ್ ಸಿಂಬಲ್ ಬಿಚ್ಚುತ್ತಾ, "ಒಂದು ಮಾತು ಹೇಳ್ಲಾ? ನಿನ್ನ ನೋಟು ಶುರುವಾಗೋದೇನೋ ಸರಿಯಾಗೇ ಶುರುವಾಗುತ್ತೆ ಕಣೋ, ಆದ್ರೆ ಅದು ಮುಗಿಯೋದೇ ಇಲ್ವಲ್ಲ" ಅಂದ. ಅವತ್ತು ನನಗೆ ಅರ್ಥವಾಗಲಿಲ್ಲ. ಸಿಟ್ಟು ಮಾತ್ರ ಬಂತು.

ರಾತ್ರಿ ಫೋನಿನಲ್ಲಿದ್ದ ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಬೇಸಿನ ತಂತಿ ನಾಲ್ಕು, ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ. ನಾನು ಎ ತಂತಿಗೆ ಹೋಗಿ ಎರಡು ಬೀಟು ಕಳೆದಿದ್ದರೂ ಹಿಂದಿನ ಇ ತಂತಿ ಕೆಳಗಡೆ ಇನ್ನೂ ಗೊಂಯ್ ಅನ್ನುತ್ತಲೇ ಇತ್ತು. ನುಡಿಸುತ್ತಿದ್ದದ್ದು ಒಂದು ತಂತಿ, ಉಳಿದ ಮೂರೂ ತಮ್ಮಷ್ಟಕ್ಕೆ ತಾವೇ ಏನೋ ಗುನುಗುತ್ತಿದ್ದವು. ಇಡೀ ಹಾಡಿನ ಅಡಿಯಲ್ಲಿ ಕೆಸರು ಕಲಸಿದ ಹಾಗಿತ್ತು.

ಇದು ನನ್ನೊಬ್ಬನ ಕಥೆ ಅಲ್ಲ, ನಿಮ್ಮದೂ ಇರಬಹುದು. ಅನುಮಾನ ಇದ್ದರೆ ಈಗಲೇ ಒಂದು ಸಲ ಮಾಡಿ ನೋಡಿ. ಇ ತಂತಿಯ 5ನೇ ಫ್ರೆಟ್ (ನೆಕ್, ಅಂದರೆ ಉದ್ದನೆಯ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಅದರ ಹಿಂದಿನ ಜಾಗಕ್ಕೂ ಅದೇ ಹೆಸರು) ಒತ್ತಿ ಜೋರಾಗಿ ಮೀಟಿ, ಒಂದು ಕ್ಷಣ ಬಿಟ್ಟು ಆ ತಂತಿಯನ್ನಷ್ಟೇ ಬೆರಳಿಂದ ಮುಚ್ಚಿ. ಸದ್ದು ನಿಲ್ಲುವುದಿಲ್ಲ! ನೀವು ಮುಟ್ಟೇ ಇಲ್ಲದ ಎ ತಂತಿ ತಾನಾಗಿ ನಡುಗುತ್ತಿರುತ್ತದೆ. ಎರಡೂ ಒಂದೇ ಸ್ವರ, 55 ಹರ್ಟ್ಸ್ ಅಂದರೆ ಸೆಕೆಂಡಿಗೆ 55 ಕಂಪನ, ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ. ಮಾಮೂಲಿ ಗಿಟಾರಿನಲ್ಲಿ ಎರಡು ತಂತಿ ಒಟ್ಟಿಗೆ ಉಲಿದರೆ ಚೆನ್ನಾಗೇ ಕೇಳುತ್ತದೆ, ಆದರೆ ಬೇಸಿನ ಖಾಲಿ ಇ ತಂತಿ ಇರುವುದೇ 41 ಹರ್ಟ್ಸ್ ಹತ್ತಿರ, ಅಷ್ಟು ಕೆಳಗೆ ಎರಡು ಸ್ವರ ಸೇರಿದರೆ ಕಿವಿಗೆ ಅವನ್ನು ಬಿಡಿಸಿ ಕೇಳುವುದಕ್ಕೆ ಆಗುವುದಿಲ್ಲ.

ಹಾಗಾಗಿ ಯಾರಾದರೂ ಹೊಸಬರು ಬಂದು ಏನು ಕಲಿಯಲಿ ಅಂತ ಕೇಳಿದರೆ ನಾನು ಮೊದಲು ಹೇಳುವುದು ತಂತಿ ಮುಚ್ಚುವುದನ್ನು. ಬಲಗೈ ಹೆಬ್ಬೆರಳು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಗೂಟ ಹೊಡೆದ ಹಾಗೆ ಕೂತಿರಬಾರದು. ಎ ತಂತಿಗೆ ಹೋದರೆ ಹೆಬ್ಬೆರಳು ಇ ಮೇಲೆ ಇಳಿಯಬೇಕು, ಡಿ ಗೆ ಹೋದರೆ ಎ ಮೇಲೆ ಒರಗಿ ಪಕ್ಕದಿಂದ ಇ ತಂತಿಯನ್ನೂ ಮುಟ್ಟಿಕೊಂಡಿರಬೇಕು. ಜಿ ತಂತಿ ಮೀಟಿದಾಗ ಬೆರಳು ಹೇಗೂ ಡಿ ಮೇಲೆ ಬಂದು ನಿಲ್ಲುತ್ತದೆ, ಅಲ್ಲಿಗೆ ಅದೂ ಸುಮ್ಮನಾಯಿತು. ಮೇಲಿನ ಸ್ವರದ ತಂತಿಗಳನ್ನು ಎಡಗೈ ನೋಡಿಕೊಳ್ಳುತ್ತದೆ: ತೋರುಬೆರಳನ್ನು ತುದಿಯಲ್ಲಿ ನಿಲ್ಲಿಸುವ ಬದಲು ಸ್ವಲ್ಪ ಚಪ್ಪಟೆ ಮಲಗಿಸಿ, ಅದರ ಹೊಟ್ಟೆ ಉಳಿದ ತಂತಿಗಳನ್ನು ಹಗುರವಾಗಿ ಮುಟ್ಟಿದರೆ ಸಾಕು.

ಇನ್ನು ನುಡಿಸುತ್ತಿರುವ ನೋಟನ್ನೇ ನಿಲ್ಲಿಸಬೇಕಾದರೆ ಬೆರಳನ್ನು ಫ್ರೆಟ್‌ನಿಂದ ಸಡಿಲಿಸಬೇಕು, ತಂತಿಯಿಂದ ಎತ್ತಬಾರದು. ಇಲ್ಲೊಂದು ತಾಪತ್ರಯ ಇದೆ. 5, 7, 12ನೇ ಫ್ರೆಟ್ ಮೇಲೆ ಒಂದೇ ಬೆರಳನ್ನು ಹಗುರ ಮಾಡಿದರೆ ಸದ್ದು ಸಾಯುವ ಬದಲು "ಟಿಂಗ್" ಅಂತ ಹಾರ್ಮೋನಿಕ್ (ಗಂಟೆಯಂಥ ತೆಳು, ಮೇಲಿನ ಸ್ವರ) ಹುಟ್ಟಿಬಿಡುತ್ತದೆ. ಸ್ಟೇಜ್ ಮೇಲೆ ಎಲ್ಲರೂ ನಿಲ್ಲಿಸಿದ ಮೇಲೆ ನಿಮ್ಮದೊಂದು ಟಿಂಗ್, ಎಂಥ ಅವಮಾನ ಗೊತ್ತಾ! ಅದಕ್ಕೇ ನಿಲ್ಲಿಸುವಾಗ ಪಕ್ಕದ ಇನ್ನೊಂದು ಬೆರಳನ್ನೂ ತಂತಿ ಮೇಲೆ ಇಳಿಸಿ.

ಇದಕ್ಕೆ ಅಭ್ಯಾಸ ಅಂದರೆ ನೋಡುವುದಕ್ಕೆ ತೀರಾ ಬೋರು. ಮೆಟ್ರೋನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು ಒಂದೇ ನೋಟು. ಒಂದು ಟಿಕ್ಕಿಗೆ ಶುರು, ಮುಂದಿನ ಟಿಕ್ಕಿಗೆ ಸರಿಯಾಗಿ ಬಂದ್, ಅದರ ಮುಂದಿನದ್ದಕ್ಕೆ ಮತ್ತೆ ಶುರು. ಆಮೇಲೆ ಎರಡು ಟಿಕ್ಕಿನ ನಡುವೆ ಅರ್ಧಕ್ಕೆ ನಿಲ್ಲಿಸುವುದು. ಹತ್ತು ನಿಮಿಷ ಮಾಡಿ, ನಿಮಗೇ ನಗು ಬರುತ್ತದೆ, ಯಾಕೆಂದರೆ ಶುರು ಪ್ರತಿ ಸಲ ಕರೆಕ್ಟಾಗಿರುತ್ತದೆ, ಕೊನೆ ಮಾತ್ರ ಒಂದೊಂದು ಸಲ ಒಂದೊಂದು ಕಡೆ. ಅದು ಹಿಡಿತಕ್ಕೆ ಬಂದ ಮೇಲೆ ಮೆಟ್ರೋನೋಮನ್ನು ಅರ್ಧ ವೇಗಕ್ಕೆ ಇಳಿಸಿ ಆ ಟಿಕ್ಕನ್ನು 2 ಮತ್ತು 4ನೇ ಬೀಟು ಅಂತ ಎಣಿಸಿಕೊಂಡು ನುಡಿಸಿ. ಸ್ನೇರ್ (ಕೋಲಿನಿಂದ ಹೊಡೆಯುವ ಸಣ್ಣ ಡ್ರಮ್) ಬೀಳುವ ಜಾಗ ಅದೇ ಅಲ್ವಾ. ಡ್ರಮ್ಮಿನ ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಒಂದು ಕಡೆ ನಿಂತು ಬೇಸ್ ಇನ್ನೊಂದು ಕಡೆ ಎಳೆಯುತ್ತಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಗಿಟಾರಿನವರು ಎಷ್ಟು ಚೆನ್ನಾಗಿ ನುಡಿಸಿದರೂ ಆ ಗಾಡಿ ಮುಂದೆ ಹೋಗುವುದಿಲ್ಲ.

ಎಡಗೈ ಬಗ್ಗೆ ಒಂದು ಮಾತು. ಮಾಮೂಲಿ ಬೇಸಿನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ (ನಟ್ ನೆಕ್ಕಿನ ತುದಿಯಲ್ಲಿ, ಬ್ರಿಡ್ಜ್ ಬೇಸಿನ ಒಡಲಿನ ಮೇಲೆ ತಂತಿ ಕೂರುವ ಜಾಗ) ತಂತಿಯ ಉದ್ದ 34 ಇಂಚು, ಮೊದಲ ಫ್ರೆಟ್ಟಿನ ಜಾಗವೊಂದೇ 48 ಮಿಲಿಮೀಟರ್ ಅಗಲ. ಅದೇ 12ನೇ ಫ್ರೆಟ್ ಹತ್ತಿರ ಹೋದರೆ ಹೆಚ್ಚು ಕಡಿಮೆ 26. ಅಂದ ಮೇಲೆ ಕೆಳಗೂ ಮೇಲೂ "ಒಂದು ಫ್ರೆಟ್ಟಿಗೆ ಒಂದು ಬೆರಳು" ಅನ್ನುವ ಒಂದೇ ನಿಯಮ ಹೇಗೆ ನಡೆಯುತ್ತದೆ? ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು, ಇಷ್ಟರಲ್ಲೇ ಮೂರು ಫ್ರೆಟ್ ಹಿಡಿಯಿರಿ, ಉಂಗುರದ ಬೆರಳು ಕಿರುಬೆರಳಿಗೆ ಸಹಾಯಕ್ಕೆ ಇರಲಿ. ಡಬಲ್ ಬೇಸ್ (ನಿಲ್ಲಿಸಿ ನುಡಿಸುವ, ಪಿಟೀಲಿನಂಥ ದೊಡ್ಡ ವಾದ್ಯ) ನುಡಿಸುವವರು ಮೊದಲಿಂದ ಹೀಗೇ ಮಾಡುತ್ತಾರೆ. ನಾನು ಹಟ ಮಾಡಿ ಬೆರಳು ಹಿಗ್ಗಿಸಿ ಹಿಗ್ಗಿಸಿ ಮೂರು ವಾರ ಮಣಿಕಟ್ಟು ನೋವು ಅನುಭವಿಸಿದ ಮೇಲೆ ಬುದ್ಧಿ ಬಂತು. ಇನ್ನೊಂದು, ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವ ಹಾಗೆ ಸ್ಟ್ರ್ಯಾಪ್ ಕಟ್ಟಿ. ಮಂಡಿವರೆಗೆ ಇಳಿಬಿಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಬೆರಳಾ ಪಿಕ್ಕಾ (ತಂತಿ ಮೀಟುವ ಸಣ್ಣ ಚೂರು) ಅನ್ನುವ ಜಗಳ ನನಗೆ ಸುಮ್ನೆ ಟೈಮ್ ವೇಸ್ಟ್ ಅನ್ನಿಸುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಸಂಸ್ಥೆಯ ಎಷ್ಟೋ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದರು. ಇನ್ನೊಬ್ಬ ಬೇಸ್ ವಾದಕಿ ಕ್ಯಾರೊಲ್ ಕೇ ಪಿಕ್ ಹಿಡಿದು ಸ್ಟುಡಿಯೋಗಳಲ್ಲಿ ಸಾವಿರಾರು ರೆಕಾರ್ಡಿಂಗ್ ಮಾಡಿದರು. ಇಬ್ಬರೂ ಬ್ರಿಡ್ಜ್ ಹತ್ತಿರ ತಂತಿಯ ಕಂಪನ ತಡೆಯುವುದಕ್ಕೆ ಏನಾದರೂ ಇಟ್ಟುಕೊಳ್ಳುತ್ತಿದ್ದರು, ಜೇಮರ್ಸನ್ ಅವರದ್ದು ಫೋಮ್, ಕೇ ಅವರದ್ದು ಫೆಲ್ಟ್. ನೋಡಿ, ಅಂಥವರೇ ನೋಟನ್ನು ಗಿಡ್ಡ ಮಾಡುವುದಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದರು! ಸ್ಲ್ಯಾಪ್ ಬಗ್ಗೆಯೂ ಇದೇ ಮಾತು. ಬೇಸ್ ವಾದಕ ಲ್ಯಾರಿ ಗ್ರಹಾಂ ತಮ್ಮ ತಾಯಿಯ ಜೊತೆ ಡ್ರಮ್ಮರ್ ಇಲ್ಲದೆ ನುಡಿಸಬೇಕಾಗಿ ಬಂದಾಗ, ಕಿಕ್ ಬದಲು ಹೆಬ್ಬೆರಳಲ್ಲಿ ಹೊಡೆದು, ಸ್ನೇರ್ ಬದಲು ತಂತಿ ಎಳೆದು ಬಿಡುವುದನ್ನು ಶುರು ಮಾಡಿದರು. ಡ್ರಮ್ಮರ್ ಪಕ್ಕದಲ್ಲೇ ಕೂತು ನುಡಿಸುತ್ತಿರುವಾಗ ಹಾಡಿನುದ್ದಕ್ಕೂ ಟಕಾಟಕ್ ಅಂತ ಬಡಿಯುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ಕೇಳುವುದಿಲ್ಲ, ಅದು ಬೇರೆ ವಿಷಯ.

ಸರಿ, ಸಾಮಾನಿನ ವಿಷಯಕ್ಕೆ ಬರೋಣ, ಎಲ್ಲರಿಗೂ ಬೇಕಾಗಿರುವುದು ಅದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನಮ್ಮಂಥವರಿಗೇ ಮಾಡಿದ್ದು. ಆದರೂ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಹೊಸ ಬೇಸ್ ತಂದ ದಿನವೇ ಅದನ್ನು ಪರೀಕ್ಷೆ ಮಾಡಿ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದು, 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸಂದು ಎಷ್ಟಿದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.3 ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ಕಿನ ಒಳಗೆ ಅದರ ಬಾಗು ಸರಿಪಡಿಸುವ ಸರಳು) ಬಿಗಿ ಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡವೇ ಬೇಡ. ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ನೋಡಿ. ಕೈಗೆ ಗಟ್ಟಿಯಾಗಿ ಸಿಕ್ಕಿಕೊಂಡ ಹಾಗೆ ಅನ್ನಿಸಿದರೆ ಅಲ್ಲಿಗೇ ಬಿಟ್ಟು ಗೊತ್ತಿರುವವರ ಹತ್ತಿರ ಒಯ್ಯಿರಿ.

ಆಮೇಲೆ ಎತ್ತರ. 12ನೇ ಫ್ರೆಟ್ ಮೇಲೆ ತಂತಿ ಎರಡು, ಎರಡೂವರೆ ಮಿಲಿಮೀಟರ್ ಎತ್ತರ ಇದ್ದರೆ ಬಹಳ ಜನರಿಗೆ ಹಿತ. ಇಂಟೊನೇಶನ್ನಿಗೆ (ಒತ್ತಿದ ಸ್ವರ ಶ್ರುತಿಗೆ ಸರಿಯಾಗಿ ಬರುವುದಕ್ಕೆ) ಅದೇ 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ ಒಂದು ಸಲ, ಒತ್ತಿ ನುಡಿಸಿ ಒಂದು ಸಲ ಟ್ಯೂನರಿನಲ್ಲಿ ನೋಡಿ. ಒತ್ತಿದ ನೋಟು ಮೇಲೆ ಹೋಗುತ್ತಿದ್ದರೆ ಸ್ಯಾಡಲನ್ನು (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ನೆಕ್‌ನಿಂದ ಹಿಂದಕ್ಕೆ ಸರಿಸಿ. ಇಷ್ಟು ಮಾಡಿದ ಅಗ್ಗದ ಬೇಸ್, ಇದ್ಯಾವುದನ್ನೂ ಮಾಡದ ದುಬಾರಿ ಬೇಸಿಗಿಂತ ಎಷ್ಟೋ ಮೇಲು. ಎರಡನ್ನೂ ನುಡಿಸಿದ್ದೇನೆ, ಧೈರ್ಯವಾಗಿ ಹೇಳುತ್ತೇನೆ.

ಯಾವ ಬೇಸ್ ತಗೊಳ್ಳಲಿ ಅಂದರೆ ನಾಲ್ಕು ತಂತಿಯದ್ದು, ಕೈಗೆ ಕೂರುವಂಥದ್ದು. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದದ್ದು ಪ್ರಿಸಿಷನ್. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ ಅಂತಲೇ ಆ ಹೆಸರು. 1960ರಲ್ಲಿ ಬಂದ ಜಾಝ್ ಬೇಸಿನ ನೆಕ್ ನಟ್ ಹತ್ತಿರ ಸಪೂರ, ಸಣ್ಣ ಕೈಯವರಿಗೆ ಅನುಕೂಲ. ಇವತ್ತಿಗೂ ಸಿಗುವ ಬೇಸುಗಳಲ್ಲಿ ಹೆಚ್ಚಿನವು ಈ ಎರಡರ ಮಕ್ಕಳು ಮೊಮ್ಮಕ್ಕಳೇ. ತಂತಿಯ ಉದ್ದ 30 ಇಂಚಿರುವ ಶಾರ್ಟ್ ಸ್ಕೇಲ್ ಬೇಸ್ ಮಕ್ಕಳ ಆಟಿಕೆ ಅಂತ ಯಾರಾದರೂ ಅಂದರೆ, ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಕೈಯಲ್ಲಿದ್ದ ಪಿಟೀಲಿನ ಆಕಾರದ ಹಾಫ್ನರ್ ಅದೇ ಅಳತೆಯದ್ದು ಅಂತ ಹೇಳಿ ಬಾಯಿ ಮುಚ್ಚಿಸಿ. ಐದು ತಂತಿಯದ್ದು ಬೇಕಾ? ಕೆಳಗಿನ ಬಿ ತಂತಿ 31 ಹರ್ಟ್ಸ್ ಹತ್ತಿರ ಇರುತ್ತದೆ, ಗುಡುಗುತ್ತದೆ, ಮಜಾ ಇದೆ. ಆದರೆ ಮುಚ್ಚಬೇಕಾದ ತಂತಿ ಇನ್ನೊಂದು ಜಾಸ್ತಿ ಆಯಿತು ಅನ್ನುವುದೂ ನೆನಪಿರಲಿ.

ತಂತಿಗಳಲ್ಲಿ ರೌಂಡ್‌ವೌಂಡ್ (ಮೇಲೆ ದುಂಡು ಸರಿಗೆ ಸುತ್ತಿದ್ದು) ಹೊಳೆಯುವ ಸದ್ದು ಕೊಡುತ್ತದೆ, ಬೆರಳು ಜಾರಿಸಿದರೆ ಕಿರ್ ಅನ್ನುತ್ತದೆ. ಫ್ಲಾಟ್‌ವೌಂಡ್ (ಚಪ್ಪಟೆ ಸರಿಗೆ ಸುತ್ತಿದ್ದು) ಮಂದ, ನಯ, ನೋಟು ಬೇಗ ಮುಗಿಯುತ್ತದೆ. ನನ್ನದು ಈಗ ಫ್ಲಾಟ್‌ವೌಂಡ್, ಹಾಕಿ ವರ್ಷಗಳೇ ಆದವು. ಜೇಮರ್ಸನ್ ತಂತಿ ಹರಿಯುವವರೆಗೂ ಬದಲಾಯಿಸುತ್ತಿರಲಿಲ್ಲವಂತೆ, ಹಾಗಾಗಿ ನನಗೂ ಒಳ್ಳೆಯ ನೆಪ. ರೌಂಡ್‌ವೌಂಡ್ ಹಳೆಯದಾಗಿ ಸತ್ತಂತಾದರೆ ಬಿಚ್ಚಿ ಹತ್ತು ನಿಮಿಷ ನೀರಲ್ಲಿ ಕುದಿಸಿ. ಸುರುಳಿಯೊಳಗಿನ ಬೆವರು, ಕೊಳೆ ಬಿಟ್ಟು ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದರೆ ಥೂ ಅನ್ನಿಸುತ್ತದೆ. ತಕ್ಷಣ ಚೆನ್ನಾಗಿ ಒರೆಸಿ ಒಣಗಿಸದಿದ್ದರೆ ತುಕ್ಕು ಹಿಡಿಯುತ್ತದೆ. ಹೊಸ ಹೊಳಪು ಬಹಳ ದಿನ ಉಳಿಯುವುದಿಲ್ಲ, ಆದರೆ ಒಂದು ಪ್ರೋಗ್ರಾಂ ದಾಟಿಸುವುದಕ್ಕೆ ಸಾಕು. ಬರೀ ನೋಟು ಗಿಡ್ಡ ಆಗಬೇಕು ಅಂದರೆ ಅದೂ ಬೇಡ. ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ತುರುಕಿ. ಇಷ್ಟು ಕಡಿಮೆ ಖರ್ಚಿನಲ್ಲಿ ಸದ್ದು ಇಷ್ಟು ಬದಲಾಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಂಪ್ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ವಿಷಯದಲ್ಲಿ ನನಗೆ ಒಂದೇ ಒಂದು ಕಟುವಾದ ಅಭಿಪ್ರಾಯ ಇದೆ: ರೂಮಿನಲ್ಲಿ ಒಬ್ಬರೇ ಕೂತು ಸೆಟ್ ಮಾಡಿದ ಟೋನನ್ನು ನಂಬಬೇಡಿ. ಒಬ್ಬರೇ ಇದ್ದಾಗ ಆಂಪಿನ ಬೇಸ್ ನಾಬ್ (ಕೆಳಗಿನ ಸದ್ದು) ಜಾಸ್ತಿ, ಟ್ರೆಬಲ್ (ಮೇಲಿನ ಸದ್ದು) ಜಾಸ್ತಿ, ಮಿಡ್ (ನಡುವಿನದ್ದು) ಕಡಿಮೆ ಮಾಡಿದರೆ ಸ್ವರ್ಗ. ಬ್ಯಾಂಡಿನಲ್ಲಿ ಅದೇ ಸೆಟ್ಟಿಂಗ್ ಇಟ್ಟರೆ ನೀವು ಕಾಣೆ. ಕೆಳಗಿನದ್ದನ್ನು ಕಿಕ್ ನುಂಗುತ್ತದೆ, ಮೇಲಿನದ್ದನ್ನು ಸಿಂಬಲ್ ನುಂಗುತ್ತದೆ, ನಿಮಗೆ ಉಳಿಯುವುದು ನಡುವಿನ ಜಾಗ ಮಾತ್ರ. ಅದನ್ನೇ ತಗ್ಗಿಸಿದ್ದೀರಲ್ಲ! ಮಿಡ್ ಸ್ವಲ್ಪ ಏರಿಸಿ, ಒಂಟಿಯಾಗಿ ಕೇಳಿದರೆ ಒರಟು ಅನ್ನಿಸುವಷ್ಟು ಇರಲಿ. ಇನ್ನು ಆ ಇ ತಂತಿಯ ಸ್ವರದ ಒಂದು ಅಲೆಯೇ 8 ಮೀಟರಿಗಿಂತ ಉದ್ದ, ಹಾಗಾಗಿ ಸಣ್ಣ ಕೋಣೆಯ ಒಂದು ಕಡೆ ನಿಂತರೆ ಗುಮ್ಮೆನ್ನುತ್ತದೆ, ನಾಲ್ಕು ಹೆಜ್ಜೆ ಸರಿದರೆ ಮಾಯ. ನಾಬ್ ತಿರುಗಿಸುವ ಮುಂಚೆ ಆಂಪನ್ನು ಮೂಲೆಯಿಂದ ಈಚೆ ಎಳೆದು ನೋಡಿ.

ವ್ಯಾಟ್ ದುಪ್ಪಟ್ಟು ಮಾಡಿದರೆ ಸದ್ದು ದುಪ್ಪಟ್ಟಾಗುವುದಿಲ್ಲ, 3 ಡೆಸಿಬಲ್ ಏರುತ್ತದೆ ಅಷ್ಟೇ. ಗಿಟಾರ್ ಆಂಪಿಗೆ ಬೇಸ್ ಚುಚ್ಚಿ ಮೆಲ್ಲಗೆ ನುಡಿಸಿದರೆ ಪರವಾಗಿಲ್ಲ, ಜೋರು ಮಾಡಿದರೆ ಸ್ಪೀಕರ್ ಹೋಗುತ್ತದೆ.

ಪೆಡಲ್ (ಕಾಲಲ್ಲಿ ಒತ್ತುವ ಡಬ್ಬಿ)? ಟ್ಯೂನರ್ ತಗೊಳ್ಳಿ. ಕಂಪ್ರೆಸರ್ ಆಮೇಲೆ, ತಂತಿ ಮುಚ್ಚುವುದನ್ನು ಕಲಿತ ಮೇಲೆ. ಅದು ಸಣ್ಣ ಸದ್ದನ್ನೆಲ್ಲ ಎತ್ತಿ ತೋರಿಸುವ ಯಂತ್ರ, ನಿಮ್ಮ ಗುನುಗು, ಕಿರಕಿರಿ ಎಲ್ಲ ಮುಂದೆ ಬಂದು ನಿಲ್ಲುತ್ತದೆ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕೀಟ್ ಇರುವುದು) ಇದ್ದವರಿಗೆ ಒಂದು ಎಚ್ಚರಿಕೆ: ಕೇಬಲ್ ಚುಚ್ಚಿದ ಕೂಡಲೇ ಒಳಗಿನ 9 ವೋಲ್ಟ್ ಬ್ಯಾಟರಿ ಆನ್ ಆಗುತ್ತದೆ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಆಫ್ ಆಗುವುದಿಲ್ಲ. ನಾನು ರಾತ್ರಿಯಿಡೀ ಕೇಬಲ್ ಹಾಗೇ ಬಿಟ್ಟು ಮರುದಿನ ಸ್ಟೇಜ್ ಹತ್ತಿದ್ದೆ. ಎರಡನೇ ಹಾಡಿಗೆ ಸದ್ದು ಗೊಗ್ಗರಾಯಿತು, ಮೂರನೆಯದಕ್ಕೆ ಹೋಯಿತು. ಈಗ ಕೇಸಿನಲ್ಲಿ ಯಾವಾಗಲೂ ಒಂದು ಹೆಚ್ಚುವರಿ ಬ್ಯಾಟರಿ ಇರುತ್ತದೆ.

ಎಷ್ಟು ಸೆಟ್ ಮಾಡಿದರೂ ಸರಿಹೋಗದ್ದೂ ಇವೆ. ಬೋಲ್ಟ್ ಹಾಕಿದ ಮರದ ನೆಕ್ ಇರುವ ಬೇಸುಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಎಲ್ಲೋ ಒಂದು ಸತ್ತ ಜಾಗ ಸಾಮಾನ್ಯ. ಆ ಸ್ವರಕ್ಕೆ ನೆಕ್ ತಾನೂ ನಡುಗಿ ತಂತಿಯ ಕಸುವನ್ನು ಹೀರಿಕೊಳ್ಳುತ್ತದೆ. ನನ್ನದರಲ್ಲಿ ಅದು 6ನೇ ಫ್ರೆಟ್. ವರ್ಷಗಟ್ಟಲೆ ನೋಟು ನಿಲ್ಲಿಸುವುದನ್ನು ಕಲಿತೆ, ಇದೊಂದು ಮಾತ್ರ ನಾನು ಹೇಳುವ ಮುಂಚೆಯೇ ನಿಂತುಬಿಡುತ್ತದೆ. ಉದ್ದಕ್ಕೆ ಎಳೆಯಬೇಕಾದಾಗ ಅದೇ ಸ್ವರವನ್ನು ಡಿ ತಂತಿಯ 11ನೇ ಫ್ರೆಟ್ಟಿನಲ್ಲಿ ಹಿಡಿಯುತ್ತೇನೆ. ನಮ್ಮ ಡ್ರಮ್ಮರ್ ಮಾತ್ರ, ಆ 6ನೇ ಫ್ರೆಟ್ ಒಂದೇ ನೋಡು ಮೊದಲಿಂದಲೂ ಸರಿಯಾಗಿ ನುಡಿಸುತ್ತಿದ್ದದ್ದು ಅನ್ನುತ್ತಾನೆ.