ಪಾರ್ಟ್ಸ್ ಆಫ್ ಸ್ಪೀಚ್ ಎಂಟೂ ಬಾಯಿಗೆ ಬರುತ್ತೆ, ಇಂಗ್ಲಿಷ್ ಯಾಕೆ ಬರಲ್ಲ?

ಸಂಜೆ ಹೊತ್ತು ಮನೆಯಲ್ಲೇ ಇಂಗ್ಲಿಷ್ ಪಾಠ ಹೇಳಿಕೊಡುತ್ತೇನೆ. ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: "ಮೇಡಂ, ನೌನ್, ಪ್ರೋನೌನ್, ವರ್ಬ್ ಅಂತ ಪದಗಳ ಎಂಟು ಜಾತಿನೂ ಬಾಯಿಪಾಠ ಆಗಿದೆ. ಆದ್ರೂ ಒಂದು ವಾಕ್ಯ ಬರೆಯೋಕೆ ಆಗಲ್ಲ. ಗ್ರಾಮರ್ ಪುಸ್ತಕ ಇನ್ನೊಂದ್ಸಲ ಮೊದಲಿಂದ ಓದ್ಲಾ?"

ಬೇಡ. ಒಂದೇ ಒಂದು ಪದ ತಗೊಳ್ಳಿ, ಸಾಕು. ವಾಟರ್.

ವಾಟರ್ ಏನು ಅಂತ ಕೇಳಿದರೆ ಎಲ್ಲರೂ ನೌನ್ ಅಂತಾರೆ. 'ಐ ಡ್ರಿಂಕ್ ವಾಟರ್' ಅಂದಾಗ ನೌನೇ. 'ಐ ವಾಟರ್ ದ ಪ್ಲಾಂಟ್ಸ್' ಅಂದಾಗ? ಅಲ್ಲಿ ಅದು ವರ್ಬ್. 'ವಾಟರ್ ಟ್ಯಾಂಕ್' ಅಂದರೆ ಅದೇ ಪದ ಯಾವ ಟ್ಯಾಂಕ್ ಅಂತ ಹೇಳುತ್ತೆ. ಪದಕ್ಕೆ ಒಂದಕ್ಷರವೂ ಸೇರಿಲ್ಲ, ಕೂತ ಜಾಗ ಮಾತ್ರ ಬೇರೆ. ಕನ್ನಡದಲ್ಲಿ ಹಾಗಲ್ಲ. ಗಿಡಕ್ಕೆ ನೀರು 'ಹಾಕಬೇಕು', ಟ್ಯಾಂಕು 'ನೀರಿನ' ಟ್ಯಾಂಕ್ ಆಗಬೇಕು.

ನಮಗೆ ತೊಡಕಾಗುವುದು ಇಲ್ಲೇ. ನಾವು ಪದದ ಬಾಲ ನೋಡುವವರು. 'ನಾಯಿ ಬೆಕ್ಕನ್ನು ಕಚ್ಚಿತು' ಅನ್ನಿ, 'ಬೆಕ್ಕನ್ನು ನಾಯಿ ಕಚ್ಚಿತು' ಅನ್ನಿ, ಕಚ್ಚಿಸಿಕೊಂಡದ್ದು ಬೆಕ್ಕೇ. 'ಅನ್ನು' ಇದೆಯಲ್ಲ! ಇಂಗ್ಲಿಷಲ್ಲಿ ಡಾಗ್, ಕ್ಯಾಟ್ ಜಾಗ ಅದಲುಬದಲಾದರೆ ಕಚ್ಚಿದ್ದು ಬೆಕ್ಕಾಗಿಬಿಡುತ್ತೆ.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಪಾಠಕ್ಕೆ ಬರುತ್ತಾನೆ. ಮೊದಲ ದಿನ 'ಟು ಮಿ ಟು ಸಿಸ್ಟರ್ಸ್ ಆರ್ ದೇರ್' ಅಂತ ಬರೆದ. ಪ್ರತಿ ಪದದ ಕೆಳಗೆ ಅದು ಯಾವ ಜಾತಿ ಅಂತ ಬರಿ ಅಂದೆ. ಪ್ರಿಪೊಸಿಷನ್, ಪ್ರೋನೌನ್... ಸರಸರ ಬರೆದ, ಎಲ್ಲ ಸರಿ. ವಾಕ್ಯ ಮಾತ್ರ ತಪ್ಪು! ಅವನ ತಲೆಯಲ್ಲಿ ಇದ್ದದ್ದು 'ನನಗೆ ಇಬ್ಬರು ಅಕ್ಕಂದಿರು'. ಆ 'ಗೆ'ಗೆ ಪಾಪ 'ಟು' ಹುಡುಕಿದ್ದ. 'ನನಗೆ' ಅಂತ ಶುರುವಾಗುವ ಎಷ್ಟೋ ಮಾತು ಇಂಗ್ಲಿಷಲ್ಲಿ 'ಐ' ಅಂತಲೇ ಶುರುವಾಗುತ್ತೆ. ನನಗೆ ಗೊತ್ತು, ಐ ನೋ. ನನಗೆ ಹಸಿವು, ಐ ಆಮ್ ಹಂಗ್ರಿ. ನನಗೆ ಇಬ್ಬರು ಅಕ್ಕಂದಿರು, ಐ ಹ್ಯಾವ್ ಟು ಸಿಸ್ಟರ್ಸ್. ಮೊದಲ ಜಾಗಕ್ಕೆ ಯಾರನ್ನು ಕೂರಿಸಬೇಕು ಅನ್ನೋದೇ ಅವನಿಗೆ ಬೇಕಿದ್ದ ಪಾಠ.

ಅಂದಹಾಗೆ, ಈ 'ಎಂಟು' ಇಂಗ್ಲಿಷ್‌ಗೆಂದೇ ಮಾಡಿದ ಲೆಕ್ಕವೂ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಭಾಷೆಗೆ ಮಾಡಿದ್ದು. ಲ್ಯಾಟಿನ್‌ನಲ್ಲಿ ಆರ್ಟಿಕಲ್ (ಇಂಗ್ಲಿಷಿನ 'ಎ', 'ದ' ಥರದ ಪದ) ಇಲ್ಲ, ಅದಕ್ಕೆ ಅದನ್ನು ಬಿಟ್ಟು ಇಂಟರ್ಜೆಕ್ಷನ್ ('ಅಯ್ಯೋ' ಥರದ ಉದ್ಗಾರ) ಸೇರಿಸಿ ಮತ್ತೆ ಎಂಟು ಮಾಡಿದರು. ಆಮೇಲೆ ಇಂಗ್ಲಿಷ್‌ಗೂ ಅದೇ ಅಂಗಿ ತೊಡಿಸಿದರು. ಹಳೇ ಶಾಲಾ ಪುಸ್ತಕಗಳಲ್ಲಿ ಪಾಪ, ಈ 'ದ'ಗೆ ಸ್ವಂತ ಮನೆಯಿಲ್ಲದೆ ಅಡ್ಜೆಕ್ಟಿವ್ ಜೊತೆ ಇರಬೇಕಾಯಿತು. ಈಗ ಅದನ್ನು ಡಿಟರ್ಮಿನರ್ ಅನ್ನೋ ಬೇರೆ ಜಾತಿಗೆ ಸೇರಿಸುತ್ತಾರೆ.

ಹೆಸರುಗಳು ಬೇಡವೇ ಬೇಡ ಅಂತಲ್ಲ. ಡಿಕ್ಷನರಿ ನೋಡೋಕಾದರೂ ಬೇಕು. ಆದರೆ ಪಟ್ಟಿ ಉರು ಹೊಡೆಯುವ ಬದಲು ದಿನಕ್ಕೊಂದು ಪದ ಹಿಡಿದು ಎರಡು ಜಾಗದಲ್ಲಿ ಕೂರಿಸಿ ನೋಡಿ. ಬುಕ್, ಲೈಟ್, ಫಾಸ್ಟ್, ರೌಂಡ್, ಹೀಗೆ.

ಮೊನ್ನೆ ಆ ಹುಡುಗ ಅಂಗಡಿಯಿಂದ ನೇರ ಬಂದ. ನಮ್ಮನೆ ಮೂಲೆಯಲ್ಲಿದ್ದ 20 ಲೀಟರ್ ನೀರಿನ ಕ್ಯಾನ್ ನೋಡಿದವನೇ ನೋಟ್‌ಬುಕ್ ತೆಗೆದು ಗೀಚಿದ: 'ಐ ಕ್ಯಾನ್ ಲಿಫ್ಟ್ ದ ಕ್ಯಾನ್.' ಆಮೇಲೆ ನಿಜವಾಗಲೂ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟ.